ಬಿರುಕಿಗೆ ಅಂಟಿಸಿದ ಗಾಜು

ನಲ್ಲಿಯಲ್ಲಿ ನೀರು ಬರುವ ದಿನ ಅವನಿಗೆ ಸ್ವಂತ ಮನೆಯಲ್ಲೇ ನಿಲ್ಲಲು ಜಾಗ ಇರುತ್ತಿರಲಿಲ್ಲ. ಅಡುಗೆಮನೆಯಿಂದ ಹಿತ್ತಿಲ ಬಾಗಿಲಿನವರೆಗೆ ಬಿಂದಿಗೆ, ಬಕೆಟ್ಟು, ಕುಕ್ಕರು, ಮಗಳ ಬಾಟಲಿ, ಕೊನೆಗೆ ಹಾಲು ಕಾಯಿಸುವ ಪಾತ್ರೆ ಕೂಡ ಸಾಲಾಗಿ ಬಾಯಿ ತೆರೆದುಕೊಂಡು ಕೂತಿರುತ್ತಿದ್ದವು. ನಡುವೆ ಅವನ ಹೆಂಡತಿ, ಒಂದು ತುಂಬುವಷ್ಟರಲ್ಲಿ ಇನ್ನೊಂದನ್ನು ಕಾಲಿನಿಂದಲೇ ನಲ್ಲಿಯ ಕೆಳಗೆ ತಳ್ಳುತ್ತ, ಒಂದು ಹನಿ ಆಚೆ ಚೆಲ್ಲದ ಹಾಗೆ. ಅವನು ಬ್ರಷ್ಷು ಬಾಯಲ್ಲಿಟ್ಟುಕೊಂಡು ಗೋಡೆಗೆ ಅಂಟಿ ನಿಂತ. ಕೈ ಹಾಕಲು ಹೋದರೆ ಬೇಡ ಅನ್ನುತ್ತಾಳೆ. ಸುಮ್ಮನಿದ್ದರೆ ಏನೂ ಅನ್ನುವುದಿಲ್ಲ, ಅದು ಇನ್ನೂ ಕಷ್ಟ. ಅಕ್ಕಪಕ್ಕದ ಮನೆಗಳಿಂದಲೂ ಪಾತ್ರೆಗಳ ಸದ್ದು, ಮಕ್ಕಳಿಗೆ ಗದರುವ ಸದ್ದು. ಯಾರೋ ಜೋರಾಗಿ, ಕೇಳಲೆಂದೇ, ‘ಸ್ನಾನ ಯಾಕೆ, ಒರೆಸ್ಕೊಂಡ್ರೆ ಆಯ್ತು’ ಅಂದರು. ಹೋದ ಮಳೆಗಾಲದಲ್ಲಿ ಅಣೆಕಟ್ಟು ಕಂಠಮಟ್ಟ ತುಂಬಿ ನಿಂತಿದ್ದಾಗ ಗೇಟು ತೆರೆಸಿ ಅರ್ಧಕ್ಕರ್ಧ ನೀರು ಬಿಡಿಸಿದವನು ಅಲ್ಲಿನ ಇಂಜಿನಿಯರ್ ಆದ ಇವನೇ ಎಂಬುದು ಊರಿಗೆಲ್ಲ ಗೊತ್ತಿತ್ತು. ಆಮೇಲೆ ಮಳೆ ಮುಖ ತಿರುಗಿಸಿಕೊಂಡು ಹೋಯಿತು, ಇತ್ತ ಮತ್ತೆ ನೋಡಲಿಲ್ಲ. ಮಳೆಗೆ ಬೈಯಲು ಬರುವುದಿಲ್ಲವಾದ್ದರಿಂದ ಊರು ಇವನಿಗೆ ಬೈಯಿತು.

‘ಇವತ್ತು ಅಳತೆ ಅಲ್ವಾ?’ ಅಂದಳು ಹೆಂಡತಿ, ನಲ್ಲಿಯಿಂದ ಕಣ್ಣು ತೆಗೆಯದೆ.

‘ಹೂಂ. ಮಧ್ಯಾಹ್ನ ಸಾಹೇಬರ ಮೀಟಿಂಗು. ಅಣೆಕಟ್ಟಿನ ಬಿರುಕು ಎಷ್ಟು ಸರಿದಿದೆ ಅಂತ ಫೋನ್ ಮಾಡಿ ಹೇಳಬೇಕು. ಮುಂದಿನ ಮಳೆಗೆ ಎಷ್ಟು ತುಂಬಿಸೋದು ಅನ್ನೋದು ಅದರ ಮೇಲೆ.’

‘ನಿಮ್ಮ ಮೇಲಿನ ವಿಚಾರಣೆ?’

‘ಅದೂ ಅದರ ಮೇಲೇ.’

ಅವಳು ಒಂದು ಚೊಂಬು ನೀರು ಅವನ ಕೈಗೆ ಕೊಟ್ಟಳು. ಬಾಯಿ ಮುಕ್ಕಳಿಸಲು ಅಷ್ಟೂ ಬೇಡವಾಗಿತ್ತು. ಅರ್ಧ ಉಳಿಸಿ ವಾಪಸ್ಸು ಕೊಟ್ಟ, ಅವಳು ಅದನ್ನು ಬಕೆಟ್ಟಿಗೆ ಸುರಿದಳು. ಮಗಳು ಶಾಲೆಯ ಚೀಲ ಹೆಗಲಿಗೇರಿಸಿ ಹೊರಗೆ ಬಂದಳು. ಮೊದಲಾಗಿದ್ದರೆ ಅಪ್ಪ ಮಗಳು ಮೂಲೆಯ ಅಂಗಡಿಯವರೆಗೆ ಒಟ್ಟಿಗೇ ಹೋಗುತ್ತಿದ್ದರು. ‘ಅಪ್ಪ, ನೀನು ಹೋಗಿರು, ನಾನು ಆ ಕಡೆ ಬೀದಿಯಿಂದ ಹೋಗ್ತೀನಿ, ಗೆಳತಿ ಕಾಯ್ತಿರ್ತಾಳೆ’ ಅಂದಳು. ಆ ಕಡೆ ಬೀದಿಯಲ್ಲಿ ಅವಳ ಗೆಳತಿಯರು ಯಾರೂ ಇರಲಿಲ್ಲ. ಇದು ತನಗೆ ಗೊತ್ತೆಂದು ಅವಳಿಗೂ ಗೊತ್ತಿದೆ ಎಂದು ಅವನು ಲೆಕ್ಕ ಹಾಕಿದ, ಮತ್ತು ಹಾಗೆ ಲೆಕ್ಕ ಹಾಕಿದ್ದಕ್ಕೆ ತನ್ನ ಮೇಲೇ ಬೇಸರಪಟ್ಟ. ಹುಡುಗಿ ಸುಳ್ಳನ್ನಾದರೂ ಮೆತ್ತಗೆ ಹೇಳಿದಳಲ್ಲ, ಅಷ್ಟಕ್ಕೆ ಸಮಾಧಾನ ಮಾಡಿಕೊಂಡು ಚಪ್ಪಲಿ ಮೆಟ್ಟಿದ.

ಆ ಊರಿನ ಯಾವ ಬೀದಿಯಲ್ಲಿ ತಲೆ ಎತ್ತಿದರೂ ಕೊನೆಗೆ ಕಾಣುವುದು ಅಣೆಕಟ್ಟಿನ ಅದೇ ಗೋಡೆ. ಬಟ್ಟೆ ಒಣಗಿಸುವ ತಂತಿಯ ಹಿಂದೆ, ಅಂಗಡಿಗಳ ಬೋರ್ಡಿನ ಮೇಲೆ, ಶಾಲೆಯ ಆಟದ ಬಯಲಿನ ಆಚೆ, ಬೂದು ಬಣ್ಣದ್ದು, ಆಕಾಶಕ್ಕೆ ಅಡ್ಡ. ಅದರ ಹಿಂದೆ ಏನಿದೆ ಎಂದು ಯಾರೂ ಯೋಚಿಸುವುದಿಲ್ಲ, ಯೋಚಿಸಿದರೆ ಅಲ್ಲಿ ಬಾಳಲಾಗುವುದಿಲ್ಲ. ಇಷ್ಟು ವರ್ಷ ಅವನೂ ಯೋಚಿಸಿರಲಿಲ್ಲ, ಸಂಬಳ ಬರುತ್ತಿದ್ದುದೇ ಅದನ್ನು ಯೋಚಿಸುವುದಕ್ಕಾದರೂ. ಮೂಲೆಯಲ್ಲಿ ಹೆಂಡತಿಯ ತಮ್ಮ ನಡೆಸುತ್ತಿದ್ದ ಗಾಡಿ ತೊಳೆಯುವ ಶೆಡ್ಡು, ಬಾಗಿಲು ಹಾಕಿ ತಿಂಗಳುಗಳಾಗಿತ್ತು. ಪೈಪನ್ನು ಸುರುಳಿ ಸುತ್ತಿ ಮೊಳೆಗೆ ನೇತುಹಾಕಿ, ಅದರ ಕೆಳಗೆ ಕುರ್ಚಿ ಹಾಕಿಕೊಂಡು ಭಾವಮೈದ ಪೇಪರು ಓದುತ್ತಿದ್ದ. ಇವನನ್ನು ಕಂಡು ಎದ್ದು ನಿಂತ. ‘ಆಫೀಸಿಗಾ ಭಾವ?’ ಅಂದ. ‘ಹೂಂ’ ಅಂದ ಇವನು. ‘ಅಕ್ಕ ಚೆನ್ನಾಗಿದಾಳಾ?’ ‘ಚೆನ್ನಾಗಿದಾಳೆ.’ ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿ. ನಿನ್ನಿಂದ ನನ್ನ ಹೊಟ್ಟೆಯ ಮೇಲೆ ಕಲ್ಲು ಬಿತ್ತು ಅಂದಿದ್ದರೆ ಇವನೂ ಒಂದು ಮಾತು ಆಡಬಹುದಿತ್ತು. ಎದ್ದು ನಿಂತು ಭಾವ ಅನ್ನುವವನಿಗೆ ಏನು ಉತ್ತರ ಕೊಡುವುದು. ಟೀ ಅಂಗಡಿಯ ಮುಂದೆ ಹಾದಾಗ ಒಳಗಿನಿಂದ, ‘ಗಾಜು ಸಾಹೇಬ್ರು ಬಂದ್ರು, ಗ್ಲಾಸು ಜೋಪಾನ ಕಣ್ರಪ್ಪ’ ಎಂಬ ಮಾತು, ಹಿಂದೆಯೇ ನಗು. ಕಿವಿಗೆ ಬಿದ್ದರೂ ಬೀಳದವನ ಹಾಗೆ ನಡೆದ. ಹಾಗೆ ನಡೆಯುವುದರಲ್ಲಿ ಈಗ ಅವನು ನುರಿತವನಾಗಿದ್ದ.

ಗಾಜು ಎಂದರೆ ಗಾಜೇ, ಬೇರೇನೂ ಅಲ್ಲ. ಅಣೆಕಟ್ಟಿನ ಹೊಟ್ಟೆಯೊಳಗೆ ಉದ್ದಕ್ಕೂ ಒಂದು ಓಣಿಯಿದೆ, ಇಬ್ಬರು ಎದುರಾದರೆ ಒಬ್ಬರು ಓರೆಯಾಗಿ ನಿಲ್ಲಬೇಕಾದಂಥದು. ಅಲ್ಲಿ ಗೋಡೆಯಲ್ಲಿ ಎಲ್ಲೆಲ್ಲಿ ಹಳೆಯ ಬಿರುಕುಗಳಿವೆಯೋ ಅಲ್ಲೆಲ್ಲ ಬಿರುಕಿಗೆ ಅಡ್ಡಲಾಗಿ ಬೆರಳಗಲದ ಗಾಜಿನ ಪಟ್ಟಿ ಇಟ್ಟು, ಎರಡು ತುದಿಗೂ ಸಿಮೆಂಟು ಮೆತ್ತಿ ಕೂರಿಸಿರುತ್ತಾರೆ. ಬಿರುಕು ಸುಮ್ಮನಿದ್ದರೆ ಗಾಜೂ ಸುಮ್ಮನಿರುತ್ತದೆ. ಗೋಡೆ ಒಂದು ಕೂದಲೆಳೆಯಷ್ಟು ಸರಿದರೆ ಗಾಜು ಪಟ್ಟನೆ ಒಡೆಯುತ್ತದೆ. ಒಡೆಯಲೆಂದೇ ಇಟ್ಟ ಗಾಜು ಅದು. ವರ್ಷ ವರ್ಷವೂ ಅವನು ಬ್ಯಾಟರಿ ಹಿಡಿದು ಆ ಓಣಿಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದು, ಗಾಜುಗಳೆಲ್ಲ ಸುಸ್ಥಿತಿಯಲ್ಲಿವೆ ಎಂದು ಬರೆದು ಕಳಿಸಿ, ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿ ಮಲಗಿದ್ದ.

ಓಣಿಗೆ ಇಳಿಯುವ ಬಾಗಿಲಲ್ಲಿ ಮೇಸ್ತ್ರಿ ಕಾದಿದ್ದ. ಗಾರೆ ಕೆಲಸದವನು, ಇವನಿಗಿಂತ ವಯಸ್ಸಿನಲ್ಲಿ ಹಿರಿಯ. ಅಣೆಕಟ್ಟಿನ ಕಟ್ಟಡಗಳ ರಿಪೇರಿಯೆಲ್ಲ ಅವನದೇ. ಆಫೀಸಿನ ಕಿಟಕಿ, ಅತಿಥಿಗೃಹದ ಕಿಟಕಿ, ಎಲ್ಲಿ ಗಾಜು ಒಡೆದರೂ ಯಾರೂ ಹೇಳುವ ಮೊದಲೇ ಹೊಸದು ಕೂರಿಸಿ, ಒರೆಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಹೋಗುವಂಥ ಮನುಷ್ಯ. ಓಣಿಯ ದೀಪ ಹಾಕಿ, ‘ಜಾರತ್ತೆ ಸಾರ್, ನೋಡ್ಕೊಂಡು’ ಅಂದ. ಪ್ರತಿ ಸಲವೂ ಅನ್ನುತ್ತಿದ್ದ. ಮೆಟ್ಟಿಲುಗಳ ಮೇಲೆ ತೇವ, ಒಳಗಿನಿಂದ ಹಳೆಯ ಸುಣ್ಣದ ವಾಸನೆ. ಒಂದೊಂದೇ ಮೆಟ್ಟಿಲಿಳಿಯುತ್ತಿದ್ದಂತೆ ಹೊರಗಿನ ಬಿಸಿಲು ತಲೆಯ ಮೇಲಿಂದ ಜಾರಿಹೋಯಿತು. ಹೋದ ಮಳೆಗಾಲದ ಆ ದಿನ ಹೊರಗೆ ಬಿಸಿಲಿರಲಿಲ್ಲ, ಮಳೆ. ಗೋಡೆಯ ಆಚೆ ನೀರು ತುದಿ ಮುಟ್ಟಿತ್ತು, ಓಣಿಯ ಬದಿಯ ಕಿರುಗಾಲುವೆಯಲ್ಲಿ ಸೋರುನೀರು ಜೋರಾಗಿ ಹರಿಯುತ್ತಿತ್ತು, ಅವನು ವಾಡಿಕೆಯಂತೆ ಬ್ಯಾಟರಿ ಹಾಯಿಸುತ್ತ ನಡೆದಿದ್ದ. ಮಸುಕು ಗಾಜು, ಮಸುಕು ಗಾಜು, ಸುಣ್ಣ ಹಿಡಿದು ಹಲ್ಲಿನ ಬಣ್ಣಕ್ಕೆ ತಿರುಗಿದ ಗಾಜು. ನಡುವೆ ಒಂದು ಕಡೆ ಬ್ಯಾಟರಿಯ ಬೆಳಕು ತಿರುಗಿ ಅವನ ಮುಖಕ್ಕೇ ಹೊಡೆಯಿತು. ಬಗ್ಗಿ ನೋಡಿದರೆ ಗಾಜಿನಲ್ಲಿ ಅವನದೇ ಮೂಗು, ಮೀಸೆ. ಎಷ್ಟು ಚೊಕ್ಕಟವಾಗಿತ್ತೆಂದರೆ ಕ್ಷೌರ ಮಾಡಿಕೊಳ್ಳಬಹುದಿತ್ತು.

‘ಇದೇನಪ್ಪ ಇದೊಂದು ಇಷ್ಟು ಹೊಸದಾಗಿದೆ?’ ಅಂದಿದ್ದ, ಮೆಚ್ಚುಗೆಯಿಂದಲೇ.

‘ಒಡೆದಿತ್ತು ಸಾರ್, ಬೇರೆ ಹಾಕಿದೆ’ ಅಂದ ಮೇಸ್ತ್ರಿ. ‘ಇದೊಂದು ಹಾಳಾದ್ದು, ಅಣೆಕಟ್ಟು ತುಂಬಿದಾಗೆಲ್ಲ ಒಡೆಯತ್ತೆ. ಚಳಿಗೆ ಅಂತ ಕಾಣತ್ತೆ. ಅದರ ಪಕ್ಕದ್ದೂ ಒಂದೊಂದು ಸಲ. ನೀವು ಬರೋ ಮುಂಚೆ ಹಾಕಿಬಿಡ್ತೀನಿ. ಸಾಹೇಬ್ರುಗಳು ಬಂದಾಗ ಒಡೆದಿದ್ದು ಕಂಡ್ರೆ ನಿಮಗೆ ಮರ್ಯಾದೆ ಅಲ್ಲ ನೋಡಿ.’

ಅವನ ಎದೆ ಧಸಕ್ಕೆಂದಿತು ಎಂದರೆ ಸುಳ್ಳಾಗುತ್ತದೆ. ಮೊದಲಿಗೆ ಅವನಿಗೆ ಅನ್ನಿಸಿದ್ದು ನಾಚಿಕೆ. ದೊಡ್ಡ ಸಾಹೇಬರು ತಪಾಸಣೆಗೆ ಬಂದಾಗ ಇದೇ ಓಣಿಯಲ್ಲಿ ನಿಂತು, ‘ನಮ್ಮ ಮೇಸ್ತ್ರಿ ಗ್ಯಾಲರಿ ಹೇಗಿಟ್ಟಿದಾರೆ ನೋಡಿ ಸರ್, ಒಂದು ಗಾಜು ಮುಕ್ಕಾಗಿಲ್ಲ’ ಎಂದು ಹೇಳಿದ್ದು ಇವನೇ. ಮೇಸ್ತ್ರಿ ಅವತ್ತು ಮದುಮಗನ ಹಾಗೆ ತಲೆ ತಗ್ಗಿಸಿ ನಿಂತಿದ್ದ. ಆ ಗಾಜು ಯಾಕಿದೆ ಎಂದು ಇಷ್ಟು ವರ್ಷದಲ್ಲಿ ಆ ಮನುಷ್ಯನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ಹೊಗಳಿ ಬೆನ್ನು ತಟ್ಟಿದ್ದ. ನಾಚಿಕೆ ಇಳಿದ ಮೇಲೆ, ಓಣಿಯ ಗೋಡೆಗೆ ಅಂಗೈ ಇಟ್ಟಾಗ, ಅದರ ಆಚೆಗೆ ನೀರು ತುದಿಯವರೆಗೆ ನಿಂತಿದೆ ಎಂಬುದು ಅರಿವಿಗೆ ಬಂತು. ತುಂಬಿದಾಗೆಲ್ಲ. ಎಷ್ಟು ಸಲ, ಎಷ್ಟು ಅಗಲ, ಯಾವ ವರ್ಷದಿಂದ? ಮೇಸ್ತ್ರಿ ನೆನಪು ಮಾಡಿಕೊಳ್ಳಲು ನೋಡಿ, ‘ಅದನ್ನೆಲ್ಲ ಯಾರು ಇಟ್ಕೋತಾರೆ ಸಾರ್’ ಅಂದಿದ್ದ. ಚೂರುಗಳನ್ನು ಗುಡಿಸಿ ಹೊರಗೆ ಹಾಕಿದ್ದ.

ದೊಡ್ಡ ಸಾಹೇಬರಿಗೆ ಫೋನು ಮಾಡಿದಾಗ ಅವರು ಕೇಳಿದ ಮೊದಲ ಪ್ರಶ್ನೆಯೂ ಅದೇ. ಎಷ್ಟು ಸರಿದಿದೆ? ಗೊತ್ತಿಲ್ಲ ಸರ್. ಎಷ್ಟು ಸಲ ಒಡೆದಿದೆ? ಗೊತ್ತಿಲ್ಲ ಸರ್. ‘ಒಬ್ಬ ಗಾರೆಯವನ ನೆನಪಿನ ಮೇಲೆ ಒಂದು ಊರಿನ ವರ್ಷದ ನೀರು ಬಿಡಬೇಕೇನ್ರೀ?’ ಹೌದು ಎಂದಿದ್ದ ಅವನು. ಆ ಹೌದು ಎಲ್ಲಿಂದ ಬಂತೋ ಅವನಿಗೆ ಇವತ್ತಿಗೂ ತಿಳಿಯದು. ಧೈರ್ಯವಂತೂ ಅಲ್ಲ. ಬರವಣಿಗೆಯಲ್ಲಿ ಕೊಡಿ, ನಿಮ್ಮ ಹೆಸರಲ್ಲಿ ಕೊಡಿ ಅಂದರು. ಕೊಟ್ಟ. ಮೇಸ್ತ್ರಿಯ ಕೆಲಸ ಹೋಗದಿರಲೆಂದು ಅವನ ಸುದ್ದಿ ಎತ್ತದೆ, ಗಾಜುಗಳು ಒಡೆದಿದ್ದು ಕಾಲಕಾಲಕ್ಕೆ ಬದಲಾಯಿಸಲಾಗಿದೆ ಎಂದು ಸರಕಾರಿ ಭಾಷೆಯಲ್ಲಿ ಬರೆದ, ಯಾರು ಬದಲಾಯಿಸಿದರೆಂದು ಹೇಳಬೇಕಾಗಿಲ್ಲದ ಭಾಷೆಯಲ್ಲಿ. ಗೇಟುಗಳು ತೆರೆದವು, ತೂಬುಗಳೂ ತೆರೆದವು. ಊರಿನವರು ಸೇತುವೆಯ ಮೇಲೆ ನಿಂತು ಫೋಟೋ ತೆಗೆದುಕೊಂಡರು. ನೀರು ಇಳಿದ ಮೇಲೆ ತಜ್ಞರು ಬಂದರು, ಬಿರುಕು ತುಟಿ ಮುಚ್ಚಿಕೊಂಡು ಕೂತಿತ್ತು. ‘ಇದೇನಾ?’ ಅಂದರು, ಬೆರಳಿನಿಂದ ತಟ್ಟಿದರು. ಎರಡೂ ಕಡೆ ಹಿತ್ತಾಳೆಯ ಗುಬುಟುಗಳನ್ನು ಕೂರಿಸಿ, ನಡುವಿನ ದೂರ ಆಗಾಗ ಅಳೆಯುತ್ತಿರಿ ಎಂದು ಹೇಳಿ ಹೋದರು. ಅಂದಿನಿಂದ ಅಳೆಯುತ್ತಲೇ ಇದ್ದಾನೆ. ಅಂದಿನಿಂದ ಬಿರುಕು ಪರಮ ಸಾಧುವಾಗಿದೆ.

‘ಸಾರ್, ಬೆಳಕು ಸಾಕಾ?’ ಅಂದ ಮೇಸ್ತ್ರಿ.

ಸಾಕು ಅಂದ. ಅಳತೆಯ ಉಪಕರಣವನ್ನು ಡಬ್ಬಿಯಿಂದ ತೆಗೆದು, ಬಟ್ಟೆಯಿಂದ ಒರೆಸಿ, ಅದರ ಎರಡು ದವಡೆಗಳನ್ನು ಹಿತ್ತಾಳೆಯ ಗುಬುಟುಗಳಿಗೆ ಕಚ್ಚಿಸಿದ. ಕಿರುಗಾಲುವೆಯಲ್ಲಿ ಸೋರುನೀರು ಈಗ ಹೆಸರಿಗಷ್ಟೇ ಇತ್ತು. ಕಣ್ಣು ಕಿರಿದು ಮಾಡಿಕೊಂಡು ಮುಳ್ಳನ್ನು ನೋಡಿದ. ಕಳೆದ ಸಲ ಎಷ್ಟಿತ್ತೋ ಅಷ್ಟೇ. ತೆಗೆದು ಮತ್ತೊಮ್ಮೆ ಕಚ್ಚಿಸಿದ. ಅಷ್ಟೇ. ಮೂರನೆಯ ಸಲ ಕಚ್ಚಿಸುವಾಗ ತಾನು ಹಲ್ಲು ಕಚ್ಚಿಕೊಂಡಿದ್ದೇನೆಂದು, ಉಸಿರು ಹಿಡಿದಿದ್ದೇನೆಂದು ಅವನಿಗೆ ಗೊತ್ತಾಯಿತು. ಸ್ವಲ್ಪ ಸರಿದಿರಬಾರದಾ. ಜಾಸ್ತಿ ಬೇಡ, ಒಂದು ಗೆರೆ. ಒಂದು ಗೆರೆ ಸರಿದಿದ್ದರೆ ಸಾಹೇಬರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ, ತಜ್ಞರು ಮತ್ತೆ ಓಡಿಬರುತ್ತಾರೆ, ಟೀ ಅಂಗಡಿಯವರು ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ, ಭಾವಮೈದ ಎದ್ದು ನಿಲ್ಲುವುದು ಬೇರೆ ಕಾರಣಕ್ಕಾಗುತ್ತದೆ. ಆ ಗೆರೆಯನ್ನು ಅವನು ಎಷ್ಟು ಆಸೆಯಿಂದ ಹುಡುಕಿದನೆಂದರೆ ಪ್ರಾಯದಲ್ಲಿ ಪರೀಕ್ಷೆಯ ಫಲಿತಾಂಶದ ಪಟ್ಟಿಯಲ್ಲಿ ತನ್ನ ನಂಬರನ್ನು ಕೂಡ ಹಾಗೆ ಹುಡುಕಿರಲಿಲ್ಲ. ಉಪಕರಣದ ತಿರುಪು ಅವನ ಹೆಬ್ಬೆರಳಿನ ಕೆಳಗೇ ಇತ್ತು. ಒಂದಿಷ್ಟು ಒತ್ತಿ ತಿರುಗಿಸಿದರೆ ಗೆರೆ ತಾನಾಗಿ ಬರುತ್ತದೆ, ಕೇಳುವವರು ಯಾರೂ ಇಲ್ಲ. ಹೆಬ್ಬೆರಳು ಅಲ್ಲಿಯೇ ಸ್ವಲ್ಪ ಹೊತ್ತು ಇತ್ತು.

‘ಎಷ್ಟಿದೆ ಸಾರ್?’

‘ಅಷ್ಟೇ ಇದೆ.’

‘ಸದ್ಯ’ ಅಂದ ಮೇಸ್ತ್ರಿ, ನಿಜವಾದ ನಿರಾಳದಿಂದ, ಎದೆಯ ಮೇಲೆ ಕೈಯಿಟ್ಟುಕೊಂಡು. ಅವನ ಮಗಳ ಮನೆ ಗೋಡೆಯಿಂದ ಎರಡನೆಯ ಬೀದಿಯಲ್ಲಿತ್ತು, ಮೊಮ್ಮಗು ಅಂಬೆಗಾಲಿಡುತ್ತಿತ್ತು. ಗಾಜು ಯಾಕಿದೆ ಎಂದು ತಿಳಿದಂದಿನಿಂದ ಮೇಸ್ತ್ರಿಗೆ ಸರಿಯಾಗಿ ನಿದ್ದೆಯಿಲ್ಲವೆಂದು ಅವನೇ ಹೇಳಿಕೊಂಡಿದ್ದ. ಆ ಸದ್ಯ ಎಂಬ ಒಂದು ಮಾತನ್ನು ತಾನು ಯಾಕೆ ಅನ್ನಲಿಲ್ಲ ಎಂದು ಇವನು ಯೋಚಿಸಿದ. ಯೋಚಿಸಿದ ಮೇಲೆ ಓಣಿಯಲ್ಲಿ ನಿಲ್ಲಲಾಗಲಿಲ್ಲ. ಡಬ್ಬಿ ಮುಚ್ಚಿ, ಮೇಸ್ತ್ರಿಯನ್ನು ಮುಂದೆ ಬಿಟ್ಟುಕೊಂಡು ಮೆಟ್ಟಿಲು ಹತ್ತಿದ.

ಆಫೀಸಿನಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. ಸಾಹೇಬರು ಫೋನು ಎತ್ತಿದಾಗ ಹಿಂದೆ ಕಪ್ಪು-ಬಸಿಗಳ ಸದ್ದು, ಹಲವರ ಮಾತು. ಮೀಟಿಂಗು ಆಗಲೇ ಶುರುವಾಗಿತ್ತು.

‘ಹೇಳಿ.’

‘ಬದಲಾವಣೆ ಇಲ್ಲ ಸರ್.’

‘ಇಲ್ಲ?’

‘ಇಲ್ಲ. ಆದರೆ ಸರ್, ನೀರು ಕೆಳಗಿದೆಯಲ್ಲ, ಅದಕ್ಕೇ ಸುಮ್ಮನಿರಬಹುದು. ತುಂಬಿದಾಗ ತಾನೇ ಒಡೀತಿದ್ದಿದ್ದು.’

ಸಾಹೇಬರು ನಕ್ಕರು. ಕೆಟ್ಟ ನಗೆಯಲ್ಲ, ದಣಿದ ನಗೆ. ‘ನಿಮ್ಮದು ಚೆನ್ನಾಗಿದೆ ಕಣ್ರೀ. ಸರಿದರೂ ನೀವೇ ಸರಿ, ಸರಿಯದಿದ್ದರೂ ನೀವೇ ಸರಿ. ಇಲ್ಲಿ ಎಲ್ಲರೂ ನನ್ನ ಮುಖ ನೋಡ್ತಿದಾರೆ. ಊರಿಗೆ ನೀರು ಬೇಡ್ವಾ? ಈ ಸಲ ಪೂರ್ತಿ ತುಂಬಿಸೋಣ ಅಂತಿದಾರೆ.’

‘ತುಂಬಿಸಿ ಸರ್. ಒಂದೇ ಸಲಕ್ಕೆ ಬೇಡ. ಸ್ವಲ್ಪ ಏರಿಸಿ ನಿಲ್ಲಿಸೋದು, ಅಳೆಯೋದು, ಸುಮ್ಮನಿದ್ದರೆ ಮತ್ತೆ ಸ್ವಲ್ಪ. ನಾನು ದಿನಾ ಇಳಿದು ನೋಡ್ತೀನಿ.’

‘ಮಳೆ ನಿಮಗೋಸ್ಕರ ನಿಂತ್ಕೊಂಡು ಕಾಯತ್ತಾ? ಏರಿಸಿ ನಿಲ್ಲಿಸೋದು ಅಂದ್ರೆ ಬಂದ ನೀರು ಮತ್ತೆ ಆಚೆ ಬಿಡಬೇಕು. ಮತ್ತೆ ಬೈಗುಳ. ಅಷ್ಟೆಲ್ಲ ಮಾಡಿ ಕೊನೆಗೆ ಅದು ಅಲುಗಾಡದೇ ಹೋದ್ರೆ? ಊರಿನಲ್ಲಿ ನಿಮ್ಮನ್ನ ಏನಂತ ಕರೀತಾರೆ ಗೊತ್ತಿದೆಯಲ್ಲ?’

‘ಗೊತ್ತಿದೆ ಸರ್.’ ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡ, ಬಿಡಿಸಿದ. ‘ಅಲುಗಾಡದೇ ಹೋದರೆ ಒಳ್ಳೇದೇ ಅಲ್ವಾ ಸರ್.’

ಹೇಳಿದ ಮೇಲೆ ಆ ಮಾತು ತನ್ನದೇ ಹೌದೋ ಅಲ್ಲವೋ ಎಂದು ಅವನು ಕಿವಿಗೊಟ್ಟು ಕೇಳಿದ. ಆ ಕಡೆ ಸಾಹೇಬರು ಫೋನಿಗೆ ಕೈ ಮುಚ್ಚಿ ಯಾರೊಂದಿಗೋ ಮಾತಾಡಿದರು. ಮತ್ತೆ ಬಂದು, ಸರಿ, ನೀವು ಹೇಳಿದ ಹಾಗೇ ಏರಿಸೋಣ, ಒಂದು ಮಳೆಗಾಲ ಮಾತ್ರ ಅಂದರು. ವಿಚಾರಣೆಯನ್ನು ಮಾತ್ರ ಕೈಬಿಡಲು ಆಗುವುದಿಲ್ಲ, ಬಿರುಕು ಸರಿದಿದ್ದರೆ ಬೇರೆ ಮಾತಿತ್ತು ಅಂದರು. ಕೊನೆಯಲ್ಲಿ, ಫೋನು ಇಡುವ ಮುಂಚೆ, ‘ಏನೇ ಆಗ್ಲಿ, ನಿಮಗೂ ಸಮಾಧಾನ ಆಗಿರ್ಬೇಕಲ್ಲ’ ಅಂದರು. ‘ಹೌದು ಸರ್’ ಅಂದ.

ಮನೆಗೆ ಬಂದಾಗ ಸಂಜೆಯ ಬಿಸಿಲು ಅಡುಗೆಮನೆಯ ನೆಲದ ಮೇಲಿತ್ತು. ಬಿಂದಿಗೆಗಳಿಗೆಲ್ಲ ತಟ್ಟೆ ಮುಚ್ಚಿತ್ತು. ಮಗಳು ಒಳಕೋಣೆಯಲ್ಲಿ ಗಟ್ಟಿಯಾಗಿ ಪಾಠ ಓದುತ್ತಿದ್ದಳು, ಅಪ್ಪನ ಚಪ್ಪಲಿಯ ಸದ್ದಿಗೆ ಒಂದು ಕ್ಷಣ ನಿಲ್ಲಿಸಿ ಮುಂದುವರಿಸಿದಳು. ಹೆಂಡತಿ ಟೀ ತಂದು ಎದುರಿಗಿಟ್ಟು, ತಾನೂ ಕೂತಳು. ಹೀಗೆ ಅವಳು ಎದುರಿಗೆ ಕೂತು ಬಹಳ ದಿನವಾಗಿತ್ತು.

‘ಏನಾಯ್ತು?’

‘ಏನೂ ಆಗಿಲ್ಲ. ಬಿರುಕು ಇದ್ದ ಹಾಗೇ ಇದೆ. ಈ ಸಲ ನಿಧಾನಕ್ಕೆ ತುಂಬಿಸ್ತಾರೆ, ನಾನು ಹೇಳಿದ ಹಾಗೆ. ವಿಚಾರಣೆ ನಡೆಯತ್ತೆ.’

‘ನಡೀಲಿ ಬಿಡಿ. ಕೆಲಸದಿಂದೇನೂ ತೆಗೆಯಲ್ಲ ತಾನೇ. ನೀವು ಹೇಳಿದ್ದನ್ನ ಒಪ್ಪಿದ್ರಲ್ಲ.’ ಅವಳು ಅವನ ಮುಖ ನೋಡಿದಳು. ‘ಬಿರುಕು ಹಾಗೇ ಇದೆ ಅಂದ ಮೇಲೆ ಮುಖ ಯಾಕೆ ಹಾಗೆ ಮಾಡ್ಕೊಂಡಿದೀರಿ?’

ಹೇಳದಿದ್ದರೆ ನಡೆಯುತ್ತಿತ್ತು. ಸುಸ್ತು ಅಂದರೆ ಅವಳು ನಂಬುತ್ತಿದ್ದಳು, ಅಥವಾ ನಂಬಿದವಳಂತೆ ಎದ್ದು ಹೋಗುತ್ತಿದ್ದಳು. ಆದರೆ ಓಣಿಯಿಂದ ಹತ್ತಿ ಬಂದಾಗಿನಿಂದ ಅವನು ಅದನ್ನು ಹೊತ್ತುಕೊಂಡೇ ತಿರುಗಿದ್ದ. ಸಾಹೇಬರಿಗೆ ಹೇಳುವ ಮಾತಲ್ಲ, ಮೇಸ್ತ್ರಿಗಂತೂ ಅಲ್ಲ. ಟೀಯ ಮೇಲೆ ಕೆನೆ ಕಟ್ಟುವುದನ್ನು ನೋಡುತ್ತ ಹೇಳಿದ.

‘ಸರಿದಿರಲಿ ಅಂತ ಆಸೆಪಟ್ಟೆ ಕಣೇ. ಅಲ್ಲಿ ನಿಂತ್ಕೊಂಡು. ಬಿರುಕು ದೊಡ್ಡದಾಗಿರಲಿ, ನನ್ನ ಮಾತು ನಿಜ ಆಗಲಿ ಅಂತ.’

ಅವಳು ಕಿಟಕಿಯ ಕಡೆ ನೋಡಿದಳು. ಅಲ್ಲಿ ಪಕ್ಕದ ಮನೆಯ ಮಾಡಿನ ಮೇಲೆ ಗೋಡೆ ಎಂದಿನಂತೆ ಕಾಣುತ್ತಿತ್ತು. ಒಳಕೋಣೆಯಲ್ಲಿ ಓದು ನಡೆದೇ ಇತ್ತು. ಅವಳು ಕೇಳಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ, ಅಂಗಡಿಯಿಂದ ಏನಾದರೂ ತರಲು ಮರೆತಿರಾ ಎಂದು ಕೇಳುವ ದನಿಯಲ್ಲೇ ಕೇಳಿದಳು.

‘ಆಗ ನಾನು, ಮಗಳು ನೆನಪಾಗಲಿಲ್ವಾ?’

ಅವನು ನಿಜವನ್ನೇ ಹೇಳಬೇಕೆಂದು ಯೋಚಿಸಿ ಹೇಳಿದ.

‘ಆಮೇಲೆ ನೆನಪಾಯ್ತು.’